ಬರ್ಮಾ ಶೆಲ್‌ಗೆ ಕೊಟ್ಟ ಮಾತು

ಸೀಮೆಎಣ್ಣೆ ಅಂತ ನಾವು ಸಲೀಸಾಗಿ ಅಂದುಬಿಡ್ತೀವಿ. ಸೀಮೆ ಅಂದ್ರೆ ಹೊರದೇಶ. ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ. ಹೆಸರಲ್ಲೇ ಇದೆ ನೋಡಿ, ನಮ್ಮ ಬುಡ್ಡಿದೀಪಕ್ಕೆ ಎಣ್ಣೆ ತರಿಸುತ್ತಿದ್ದವರು ಹೊರಗಿನವರು. ಸ್ವಾತಂತ್ರ್ಯ ಬಂದಾಗ ಈ ವ್ಯಾಪಾರ ಹೆಚ್ಚೂಕಡಿಮೆ ಪೂರ್ತಿ ಬರ್ಮಾ ಶೆಲ್, ಸ್ಟ್ಯಾನ್‌ವ್ಯಾಕ್ (ಮುಂದೆ ಎಸ್ಸೋ) ಮತ್ತು ಕ್ಯಾಲ್ಟೆಕ್ಸ್ ಕೈಲಿತ್ತು. ನಮ್ಮಲ್ಲಿ ಉಳಿದಿದ್ದ ಸಂಸ್ಕರಣಾಗಾರ ಒಂದೇ, ಅಸ್ಸಾಮಿನ ದಿಗ್ಬೋಯ್‌ನದು.

1948ರ ಕೈಗಾರಿಕಾ ನೀತಿ ಖನಿಜ ತೈಲದ ಹೊಸ ಉದ್ಯಮಗಳೆಲ್ಲ ಸರ್ಕಾರಕ್ಕೇ ಅಂತ ಹೇಳಿತ್ತು. ಆದರೆ ದುಡ್ಡೂ ಇಲ್ಲ, ತಂತ್ರಜ್ಞಾನವೂ ಇಲ್ಲ. 1949ರ ಏಪ್ರಿಲ್‌ನಲ್ಲಿ ನೆಹರೂ ಸಂಸತ್ತಿನಲ್ಲಿ ವಿದೇಶಿ ಬಂಡವಾಳಕ್ಕೆ ಭರವಸೆ ಕೊಟ್ಟರು: ತಾರತಮ್ಯ ಮಾಡೋಲ್ಲ, ಲಾಭ ತಗೊಂಡು ಹೋಗಬಹುದು, ವಶಪಡಿಸಿಕೊಂಡರೆ ನ್ಯಾಯವಾದ ಪರಿಹಾರ ಕೊಡ್ತೀವಿ. ಕಂಪನಿಗಳು ಆಗಲೂ ಮೀನಮೇಷ ಎಣಿಸುತ್ತಿದ್ದವು. 1951ರಲ್ಲಿ ಇರಾನ್ ತನ್ನ ತೈಲವನ್ನು ರಾಷ್ಟ್ರೀಕರಣ ಮಾಡಿತು, ಅಬಾದಾನಿನ ದೈತ್ಯ ಸಂಸ್ಕರಣಾಗಾರ ನಿಂತುಹೋಯಿತು. ಅದೇ ವರ್ಷದ ಕೊನೆಗೆ ಸ್ಟ್ಯಾನ್‌ವ್ಯಾಕ್ ಮತ್ತು ಬರ್ಮಾ ಶೆಲ್ ಸಹಿ ಹಾಕಿದವು, 1953ರಲ್ಲಿ ಕ್ಯಾಲ್ಟೆಕ್ಸ್. ಟ್ರಾಂಬೆಯಲ್ಲಿ ಎರಡು, ವಿಶಾಖಪಟ್ಟಣದಲ್ಲಿ ಒಂದು ಸಂಸ್ಕರಣಾಗಾರ ಬಂತು.

ಒಪ್ಪಂದದಲ್ಲಿ ಏನಿತ್ತು ಅಂತೀರಾ? 25 ವರ್ಷ ರಾಷ್ಟ್ರೀಕರಣ ಇಲ್ಲ. ಬಹುಪಾಲು ಷೇರು ಭಾರತೀಯರದ್ದಾಗಿರಬೇಕೆಂಬ ನಿಯಮದಿಂದ ವಿನಾಯಿತಿ. ಸುಂಕದ ರಕ್ಷಣೆ. ಮತ್ತೆ, ಕಚ್ಚಾತೈಲವನ್ನು ತಮಗೆ ಬೇಕಾದ ಕಡೆಯಿಂದ ತರಿಸುವ ಹಕ್ಕು.

ನನ್ನ ಪ್ರಕಾರ ದುಬಾರಿಯಾಗಿದ್ದು ಈ ಕೊನೆಯದು. ಬೇಕಾದ ಕಡೆ ಅಂದ್ರೆ ತಮ್ಮದೇ ಮಾತೃಸಂಸ್ಥೆ. ಕೊಳ್ಳೋರೂ ಅವರೇ, ಮಾರೋರೂ ಅವರೇ, ವಿದೇಶಿ ವಿನಿಮಯ ಮಾತ್ರ ನಮ್ಮದು! 1960ರಲ್ಲಿ ಸೋವಿಯತ್ ಒಕ್ಕೂಟ ಕಡಿಮೆ ಬೆಲೆಗೆ, ಅದೂ ರೂಪಾಯಿಯಲ್ಲೇ, ಕಚ್ಚಾತೈಲ ಕೊಡ್ತೀವಿ ಅಂತು. ತೈಲ ಮಂತ್ರಿ ಕೆ.ಡಿ. ಮಾಳವೀಯ ಅದನ್ನು ಸಂಸ್ಕರಿಸಿ ಅಂತ ಕೇಳಿದರೆ, ಮೂರೂ ಕಂಪನಿಗಳು ಒಪ್ಪಂದದ ಕಡೆ ಬೊಟ್ಟು ಮಾಡಿದವು.

ಅದೇ ವರ್ಷ ಕ್ಯೂಬಾದಲ್ಲೂ ಇದೇ ಜಗಳ. ಕ್ಯಾಸ್ಟ್ರೋ ಸಂಸ್ಕರಣಾಗಾರಗಳನ್ನೇ ವಶಪಡಿಸಿಕೊಂಡ. ನಮ್ಮವರು ಹಾಗೆ ಮಾಡಲಿಲ್ಲ. ಹಳೇ ಕೋಡ್ ಮುಟ್ಟದೆ ಪಕ್ಕದಲ್ಲೇ ಹೊಸ ಮಾಡ್ಯೂಲ್ ಬರೆದ ಹಾಗೆ :-) 1959ರಲ್ಲಿ ಹುಟ್ಟಿದ್ದ ಇಂಡಿಯನ್ ಆಯಿಲ್ ಮೂಲಕ ಸೋವಿಯತ್ ಡೀಸೆಲ್, ಸೀಮೆಎಣ್ಣೆ ತರಿಸಿದರು. ಸ್ಪರ್ಧೆ ಬಂದ ಮೇಲೆ ಕಂಪನಿಗಳೂ ಕಚ್ಚಾತೈಲದ ಬೆಲೆಯಲ್ಲಿ ರಿಯಾಯಿತಿ ಕೊಟ್ಟವು.

1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್, ಆ ವರ್ಷದ ಕೊನೆಗೆ ಕ್ಯಾಲ್ಟೆಕ್ಸ್ ಸರ್ಕಾರದ ಕೈಗೆ ಬಂದವು. ಮಾತುಕತೆ ನಡೆಸಿ, ದುಡ್ಡು ಕೊಟ್ಟು, ಕಾನೂನು ಮಾಡಿಯೇ ತಗೊಂಡಿದ್ದು. ತಮಾಷೆ ಅಂದ್ರೆ, ವಿದೇಶಿಯರಿಂದ ತಗೊಳ್ಳಲು ಮಾಡಿದ ಅದೇ ಕಾನೂನುಗಳು 2003ರಲ್ಲಿ ಸರ್ಕಾರಕ್ಕೇ ಅಡ್ಡ ಬಂದವು. ಸಂಸತ್ತಿನ ಒಪ್ಪಿಗೆಯಿಲ್ಲದೆ ಎಚ್‌ಪಿಸಿಎಲ್, ಬಿಪಿಸಿಎಲ್‌ಗಳನ್ನು ಖಾಸಗಿಯವರಿಗೆ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 2016ರಲ್ಲಿ ಆ ಕಾನೂನುಗಳನ್ನು ರದ್ದು ಮಾಡಲಾಯಿತು.

ಈಗ ಇದನ್ನು ಕೇರ್ನ್ ಪ್ರಕರಣದ ಪಕ್ಕ ಇಟ್ಟು ನೋಡಿ. ರಾಜಸ್ಥಾನದಲ್ಲಿ ತೈಲ ಕಂಡುಹಿಡಿದ ಕಂಪನಿ ಅದು. 2006ರ ಒಂದು ಷೇರು ವ್ಯವಹಾರಕ್ಕೆ, 2012ರ ಪೂರ್ವಾನ್ವಯ ತಿದ್ದುಪಡಿ ಇಟ್ಟುಕೊಂಡು ತೆರಿಗೆ ಕೇಳಿದರು. ಕಂಪನಿ 1994ರ ಭಾರತ-ಬ್ರಿಟನ್ ಹೂಡಿಕೆ ಒಪ್ಪಂದ ಹಿಡಿದು ಮಧ್ಯಸ್ಥಿಕೆಗೆ ಹೋಗಿ, 2020ರ ಡಿಸೆಂಬರ್‌ನಲ್ಲಿ ಗೆದ್ದಿತು. 120 ಕೋಟಿ ಡಾಲರ್! ಪ್ಯಾರಿಸ್ಸಿನಲ್ಲಿ ಭಾರತದ ಆಸ್ತಿಗಳಿಗೇ ತಡೆ ತಂದಿತು. 2021ರಲ್ಲಿ ಸರ್ಕಾರ ಆ ತೆರಿಗೆ ಕೈಬಿಟ್ಟಿತು, 2022ರಲ್ಲಿ ಸುಮಾರು 7,900 ಕೋಟಿ ರೂಪಾಯಿ ವಾಪಸ್ ಕೊಟ್ಟಿತು.

1951ರಲ್ಲಿ ನಾವು ಬಡವರು, ಮಾತು ದುಬಾರಿಯಾಗಿತ್ತು, ಆದರೂ ಅದನ್ನು ಮುರಿಯದೆ ದಾರಿ ಹುಡುಕಿದೆವು. 2012ರಲ್ಲಿ ಅಂಥ ಒತ್ತಡ ಏನಿತ್ತೋ ನನಗಂತೂ ಅರ್ಥವಾಗಿಲ್ಲ. ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಚೌಕಾಸಿ ಮಾಡೋದು ಸರಿ, ಆಮೇಲೆ ನಿಯಮ ತಿದ್ದೋದು ಬೇರೆ. ನೀವೇನಂತೀರಿ?