ಯಂತ್ರದ ಒಡೆತನ ಮತ್ತು ದುರಸ್ತಿಯ ಹಕ್ಕು: ಅಮೆರಿಕದ ಟ್ರ್ಯಾಕ್ಟರ್ ಖಾತರಿಯ ಇತಿಹಾಸ

ಟ್ರ್ಯಾಕ್ಟರನ್ನು ಕೊಂಡವನು ಅದನ್ನು ಬಿಚ್ಚಿ ಸರಿಪಡಿಸುವ ಅಧಿಕಾರವನ್ನೂ ಕೊಂಡಂತಾಯಿತೆ? ಮೇಲುನೋಟಕ್ಕೆ ಈ ಪ್ರಶ್ನೆಯು ಯಂತ್ರಕಾರರಿಗೆ ಸಂಬಂಧಿಸಿದುದೇ ಹೊರತು ಇತಿಹಾಸಕಾರನಿಗಲ್ಲವೆಂದು ತೋರಬಹುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಕಾಲದಿಂದ ರೈತನಿಗೂ ತಯಾರಕನಿಗೂ ನಡೆದುಬಂದಿರುವ ವ್ಯಾಜ್ಯದ ತಿರುಳು ಇದೇ ಆಗಿದೆ. ಬಿತ್ತನೆಗೂ ಕೊಯ್ಲಿಗೂ ಹದವಾದ ದಿನಗಳು ಕೆಲವೇ. ಆ ದಿನಗಳಲ್ಲಿ ಯಂತ್ರವು ಕೆಟ್ಟುನಿಂತರೆ ರೈತನು ಕಳೆದುಕೊಳ್ಳುವುದು ದುರಸ್ತಿಯ ವೆಚ್ಚವನ್ನಷ್ಟೇ ಅಲ್ಲ, ಬೆಳೆಯನ್ನೇ. ಈ ವ್ಯಾಜ್ಯದ ಮುಖ್ಯ ಘಟ್ಟಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಘಟ್ಟ ನೆಬ್ರಾಸ್ಕ ಸಂಸ್ಥಾನದ್ದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟ್ರ್ಯಾಕ್ಟರ್ ತಯಾರಿಸುವ ಕಂಪೆನಿಗಳು ಅಣಬೆಗಳಂತೆ ತಲೆಯೆತ್ತಿದ್ದುವು. ಮಿನಿಯಾಪೊಲಿಸ್ ನಗರದ ಒಂದು ಕಂಪೆನಿಯು, ಹೆನ್ರಿ ಫೋರ್ಡನಿಗೆ ಯಾವ ಸಂಬಂಧವೂ ಇಲ್ಲದಿದ್ದರೂ, 'ಫೋರ್ಡ್' ಎಂಬ ಹೆಸರಿನಿಂದಲೇ ತನ್ನ ಯಂತ್ರವನ್ನು ಮಾರುತ್ತಿತ್ತು. ಅದನ್ನು ಕೊಂಡು ಮೋಸಹೋದವರಲ್ಲಿ ಪೋಕ್ ಜಿಲ್ಲೆಯ ರೈತನಾದ ವಿಲ್ಮಟ್ ಕ್ರೋಝಿಯರ್ ಎಂಬವನೂ ಒಬ್ಬನು. ಇವನು ಶಾಸನಸಭೆಯ ಸದಸ್ಯನಾದ ಮೇಲೆ, 1919ರಲ್ಲಿ, ಟ್ರ್ಯಾಕ್ಟರ್ ಪರೀಕ್ಷಾ ಶಾಸನವು ಅಂಗೀಕೃತವಾಯಿತು. ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಒಳಪಡದ ಮಾದರಿಯನ್ನು ಆ ಸಂಸ್ಥಾನದಲ್ಲಿ ಮಾರುವಂತಿರಲಿಲ್ಲ. ಪರೀಕ್ಷೆಯ ಕೀರ್ತಿಯಲ್ಲಿ ಮರೆತುಹೋಗಿರುವ ಇನ್ನೊಂದು ವಿಧಿಯೂ ಆ ಶಾಸನದಲ್ಲಿತ್ತು: ತಯಾರಕನು ಸಂಸ್ಥಾನದೊಳಗೇ ಸಾಕಷ್ಟು ಬಿಡಿಭಾಗಗಳ ದಾಸ್ತಾನನ್ನು ಇಟ್ಟಿರತಕ್ಕದ್ದು. ಯಂತ್ರವನ್ನು ಮಾರಿದೊಡನೆ ಮಾರಾಟಗಾರನ ಹೊಣೆ ತೀರುವುದಿಲ್ಲ ಎಂಬ ತತ್ತ್ವಕ್ಕೆ ಇಲ್ಲಿ ಶಾಸನದ ಮನ್ನಣೆ ದೊರಕಿತು.

ಖಾತರಿಪತ್ರವು ಮೂಲತಃ ಕೊಳ್ಳುವವನಿಗೆ ಕೊಟ್ಟ ಅಭಯ. ಆದರೆ ಅಭಯಕ್ಕೆ ಕರಾರುಗಳಿರುವುದು ಸಹಜ. ತಯಾರಕರ ಸಾಮಾನ್ಯ ನೀತಿ ಇಂತಿರುತ್ತದೆ: ಸಾಮಗ್ರಿಯ ಅಥವಾ ಕೆಲಸಗಾರಿಕೆಯ ದೋಷದಿಂದ ಕೆಟ್ಟ ಭಾಗವನ್ನು ನಿಯಮಿತ ಅವಧಿಯೊಳಗೆ ಅಧಿಕೃತ ಮಾರಾಟಗಾರನು ಬದಲಿಸಿಕೊಡುವನು, ಎಣ್ಣೆ, ಶೋಧಕಗಳ ಬದಲಾವಣೆಯಂಥ ನಿತ್ಯಪಾಲನೆಯನ್ನು ಒಡೆಯನು ಮಾಡಿಕೊಳ್ಳಬಹುದು, ಆದರೆ ಖಾತರಿಯ ದುರಸ್ತಿಯನ್ನು ಅವನೇ ಮಾಡಿಕೊಂಡರೆ ಕೂಲಿ ದೊರೆಯದು, ಅನುಮತಿಯಿಲ್ಲದ ಮಾರ್ಪಾಡಿನಿಂದಾದ ಹಾನಿಗೆ ಪರಿಹಾರವೂ ಇಲ್ಲ. ಪರರ ಕೈಕೆಲಸದ ತಪ್ಪಿಗೆ ತಾನೇಕೆ ಹೊಣೆಯಾಗಬೇಕೆಂಬ ತಯಾರಕನ ವಾದವನ್ನು ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. 1975ರ ಮ್ಯಾಗ್ನಸನ್–ಮಾಸ್ ಶಾಸನವು ಇಂಥ ಕರಾರುಗಳಿಗೆ ಮಿತಿಯನ್ನು ಹಾಕಿ, ನಿರ್ದಿಷ್ಟ ಕಂಪೆನಿಯ ಬಿಡಿಭಾಗವನ್ನೇ ಬಳಸಬೇಕೆಂಬ ನಿರ್ಬಂಧವನ್ನು ಸಾಮಾನ್ಯವಾಗಿ ನಿಷೇಧಿಸಿತು. ಆದರೆ ಅದು ಗೃಹೋಪಯೋಗದ ವಸ್ತುಗಳಿಗೆ ಸಂಬಂಧಿಸಿದ್ದು. ಮನೆಯ ಹುಲ್ಲುಹಾಸನ್ನು ಕತ್ತರಿಸುವ ಯಂತ್ರಕ್ಕೆ ದೊರೆತ ರಕ್ಷಣೆಯು ಹೊಲ ಉಳುವ ಯಂತ್ರಕ್ಕೆ ದೊರೆಯಲಿಲ್ಲ!

ಗಣಕಯಂತ್ರವು ಟ್ರ್ಯಾಕ್ಟರನ್ನು ಹೊಕ್ಕ ಮೇಲೆ ವ್ಯಾಜ್ಯದ ಸ್ವರೂಪವೇ ಮಾರ್ಪಟ್ಟಿತು. ಕೆಟ್ಟ ಭಾಗವನ್ನು ಬದಲಿಸಿದರೂ ಕಂಪೆನಿಯ ತಂತ್ರಾಂಶವು ಅದನ್ನು ಒಪ್ಪಿಕೊಳ್ಳದೆ ಯಂತ್ರವು ಓಡದಂಥ ಸಂದರ್ಭಗಳು ಒದಗಿದುವು. ಇಲ್ಲೊಂದು ಭೇದವನ್ನು ಗಮನಿಸಬೇಕು. ಖಾತರಿಯ ಕರಾರು ಅವಧಿಯೊಡನೆ ಮುಗಿಯುತ್ತದೆ. ತಂತ್ರಾಂಶದ ಬೀಗಕ್ಕೆ ಅವಧಿಯಿಲ್ಲ. ಕರಾರನ್ನು ಮೀರಿದ ರೈತನು ಪರಿಹಾರವನ್ನು ಮಾತ್ರ ಕಳೆದುಕೊಳ್ಳುತ್ತಿದ್ದನು. ಬೀಗವನ್ನು ಮುರಿದವನು 1998ರ ಕೃತಿಸ್ವಾಮ್ಯ ಶಾಸನದ ಪ್ರಕಾರ ಕಾನೂನನ್ನೇ ಮೀರಿದವನಾಗುತ್ತಿದ್ದನು. 2015ರಲ್ಲಿ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಾಧಿಕಾರಿಯು ದುರಸ್ತಿಗಾಗಿ ಟ್ರ್ಯಾಕ್ಟರುಗಳಿಗೂ ಇದರಿಂದ ವಿನಾಯಿತಿಯನ್ನು ಕೊಟ್ಟನು. ಬೀಗವನ್ನು ತೆರೆಯಲು ಅನುಮತಿ ಬಂದಿತು, ಕೀಲಿಕೈ ಮಾತ್ರ ಬರಲಿಲ್ಲ.

ಆ ಕೀಲಿಕೈಗಾಗಿ ನಡೆದ ಪ್ರಯತ್ನಗಳು ಇತ್ತೀಚಿನವು. 2023ರ ಜನವರಿಯಲ್ಲಿ ಜಾನ್ ಡಿಯರ್ ಕಂಪೆನಿಯು ಅಮೆರಿಕದ ಫಾರ್ಮ್ ಬ್ಯೂರೊ ಒಕ್ಕೂಟದೊಡನೆ ಒಡಂಬಡಿಕೆ ಮಾಡಿಕೊಂಡು, ಉಪಕರಣಗಳನ್ನೂ ಕೈಪಿಡಿಗಳನ್ನೂ ರೈತರಿಗೆ ಒದಗಿಸುವುದಾಗಿ ಮಾತುಕೊಟ್ಟಿತು. ಅದೇ ವರ್ಷ ಕೊಲೊರಾಡೊ ಸಂಸ್ಥಾನವು ಇದನ್ನು ಶಾಸನದಿಂದಲೇ ವಿಧಿಸಿತು. ಅದು 2024ರ ಜನವರಿ 1ರಿಂದ ಜಾರಿಗೆ ಬಂದಿತು. 2025ರ ಜನವರಿಯಲ್ಲಿ ಕೇಂದ್ರ ವ್ಯಾಪಾರ ಆಯೋಗವು, ಸಂಪೂರ್ಣ ದುರಸ್ತಿಗೆ ಬೇಕಾದ ತಂತ್ರಾಂಶವನ್ನು ಅಧಿಕೃತ ಮಾರಾಟಗಾರರಿಗೆ ಮಾತ್ರ ಮೀಸಲಿಟ್ಟಿದೆಯೆಂದು ಆರೋಪಿಸಿ, ಇಲಿನಾಯ್ ಮತ್ತು ಮಿನೆಸೋಟ ಸಂಸ್ಥಾನಗಳೊಡನೆ ಸೇರಿ ಅದೇ ಕಂಪೆನಿಯ ಮೇಲೆ ದಾವೆ ಹೂಡಿತು. ಕಂಪೆನಿಯು ಆರೋಪವನ್ನು ನಿರಾಕರಿಸಿತು. 1920ರಲ್ಲಿ ನೆಬ್ರಾಸ್ಕದ ಪರೀಕ್ಷೆಗೆ ಮೊತ್ತಮೊದಲು ನಿಂತು ತೇರ್ಗಡೆಯಾದ 'ವಾಟರ್‌ಲೂ ಬಾಯ್' ಯಂತ್ರವೂ ಡಿಯರ್ ಕಂಪೆನಿಗೆ ಸೇರಿದುದೇ ಎಂಬುದನ್ನು ಇಲ್ಲಿ ನೆನೆಯಬಹುದು.

ಭಾರತ ಸರ್ಕಾರವು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ನೇಮಿಸಿದಾಗ, ಪರಿಶೀಲನೆಗೆ ಆರಿಸಿಕೊಂಡ ವಿಭಾಗಗಳಲ್ಲಿ ವ್ಯವಸಾಯೋಪಕರಣಗಳೂ ಸೇರಿದ್ದುವು. ಆದುದರಿಂದ ಈ ಇತಿಹಾಸವು ನಮಗೆ ಕೇವಲ ದೂರದ ದೇಶದ ವೃತ್ತಾಂತವಲ್ಲ. 1919ರ ಶಾಸಕರು ಬಿಡಿಭಾಗಗಳು ರೈತನ ಸಮೀಪದಲ್ಲಿರಬೇಕೆಂದರು. ಇಂದು ಆ ಬಿಡಿಭಾಗಗಳ ಸಾಲಿಗೆ ಯಂತ್ರದ ತಿಳಿವಳಿಕೆಯೂ ಸೇರಿದೆ. ಅದನ್ನು ಬಚ್ಚಿಟ್ಟು ಯಂತ್ರವನ್ನಷ್ಟೇ ಮಾರಿದರೆ, ಮಾರಾಟವು ಅರ್ಧ ಮಾತ್ರ ನಡೆದಂತಾಯಿತೆಂದು ಹೇಳಬೇಕಾಗುತ್ತದೆ.