ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಆಬ್ಜೆಕ್ಟ್ ಪದ್ಧತಿಯ ಅಭ್ಯಾಸ: ಪರ್ಲ್ ಭಾಷೆಯನ್ನು ಕುರಿತ ವಿವೇಚನೆ

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂದು ಪ್ರಸಿದ್ಧವಾಗಿರುವ ಪದ್ಧತಿಯು ನಾರ್ವೆ ದೇಶದ ಆಸ್ಲೊ ನಗರದಲ್ಲಿ ಓಲೆ-ಯೊಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬ ವಿದ್ವಾಂಸರು ರಚಿಸಿದ ಸಿಮ್ಯುಲಾ 67 ಭಾಷೆಯಲ್ಲಿ ಮೊದಲು ರೂಪುಗೊಂಡು, 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಆಲನ್ ಕೇ ಮೊದಲಾದವರ ಪ್ರಯತ್ನದಿಂದ ಸ್ಮಾಲ್‌ಟಾಕ್ ಭಾಷೆಯಲ್ಲಿ ಪರಿಪಾಕವನ್ನು ಪಡೆಯಿತು. ಆ ಎರಡು ಭಾಷೆಗಳಲ್ಲಿಯೂ ಆಬ್ಜೆಕ್ಟ್ ಎಂಬುದು ರಚನೆಯ ತಳಹದಿಗೇ ಸೇರಿದುದು. ಸ್ಕ್ರಿಪ್ಟಿಂಗ್ ಭಾಷೆಗಳೆನಿಸಿದವುಗಳ ಚರಿತ್ರೆಯಾದರೋ ಬೇರೆ ತೆರನಾದುದು. ಭಾಷಾಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಲ್ಯಾರಿ ವಾಲ್ ಅವರು 1987ರ ಡಿಸೆಂಬರಿನಲ್ಲಿ ಪರ್ಲ್ ಭಾಷೆಯನ್ನು ಹೊರತಂದಾಗ, ಕಡತಗಳಲ್ಲಿ ಹರಡಿಕೊಂಡಿರುವ ಪಠ್ಯದಿಂದ ಬೇಕಾದುದನ್ನು ಆಯ್ದು ವರದಿಯ ರೂಪಕ್ಕೆ ತರುವುದೇ ಅದರ ಮುಖ್ಯ ಪ್ರಯೋಜನವಾಗಿತ್ತು. ಆಬ್ಜೆಕ್ಟುಗಳು ಅದರೊಳಕ್ಕೆ ಪ್ರವೇಶಿಸಿದುದು 1994ರಲ್ಲಿ ಪ್ರಕಟವಾದ ಐದನೆಯ ಆವೃತ್ತಿಯಲ್ಲಿ. ಹೀಗೆ ತಡವಾಗಿ ಬಂದು, ಇದ್ದ ಸಾಮಗ್ರಿಯ ಮೇಲೆಯೇ ಕಟ್ಟಲ್ಪಟ್ಟ ಈ ವ್ಯವಸ್ಥೆಯನ್ನು ಒಂದು ನ್ಯೂನತೆಯೆಂದು ಎಣಿಸುವವರು ಬಹುಮಂದಿ. ಆದರೆ ಈ ಪದ್ಧತಿಯ ತತ್ತ್ವವನ್ನು ಕಲಿಯಬೇಕೆಂಬ ಅಭ್ಯಾಸಿಗೆ ಆ ನ್ಯೂನತೆಯೇ ಒಂದು ದೊಡ್ಡ ಉಪಕಾರವೆಂಬುದು ಈ ಲೇಖಕನ ಅಭಿಪ್ರಾಯ.

ಪರ್ಲ್ ಭಾಷೆಯಲ್ಲಿ ಕ್ಲಾಸ್ ಎಂಬುದು ಮೂಲತಃ ಪ್ರತ್ಯೇಕವಾದ ವಸ್ತುವಲ್ಲ. ಹೆಸರುಗಳನ್ನು ಬೇರೆಬೇರೆಯಾಗಿ ಇಡಲು ಮೊದಲೇ ಇದ್ದ ಪ್ಯಾಕೇಜು ಕ್ಲಾಸಿನ ಕೆಲಸವನ್ನು ನಿರ್ವಹಿಸುವುದು. ಮೆಥಡ್ ಎಂಬುದು ಆ ಪ್ಯಾಕೇಜಿನೊಳಗಿರುವ ಸಾಧಾರಣವಾದ ಸಬ್‌ರೂಟೀನು. ಆಬ್ಜೆಕ್ಟ್ ಎಂಬುದು, ಹ್ಯಾಶ್ ಮೊದಲಾದ ಯಾವುದಾದರೊಂದು ದತ್ತಾಂಶಕ್ಕೆ ರೆಫರೆನ್ಸನ್ನು ಪಡೆದು, ಬ್ಲೆಸ್ ಎಂಬ ಆದೇಶದಿಂದ ಆ ದತ್ತಾಂಶದ ಮೇಲೆ ಪ್ಯಾಕೇಜಿನ ಹೆಸರನ್ನು ಮುದ್ರಿಸಿದರೆ ಉಂಟಾಗುವುದು. ಮುದ್ರೆ ಬೀಳುವುದು ರೆಫರೆನ್ಸಿನ ಮೇಲಲ್ಲ, ಅದು ತೋರಿಸುತ್ತಿರುವ ದತ್ತಾಂಶದ ಮೇಲೆ ಎಂಬ ಸೂಕ್ಷ್ಮವನ್ನು ಅಭ್ಯಾಸಿಯು ಆರಂಭದಲ್ಲಿಯೇ ಗ್ರಹಿಸತಕ್ಕುದು. ಆಬ್ಜೆಕ್ಟಿನ ಮೇಲೆ ಮೆಥಡ್ಡನ್ನು ಕರೆದಾಗ ಭಾಷೆಯು ಮೊದಲು ಆ ಮುದ್ರೆಯನ್ನು ಓದಿ, ಆ ಪ್ಯಾಕೇಜಿನಲ್ಲಿ ಹುಡುಕಿ, ಅಲ್ಲಿ ದೊರೆಯದಿದ್ದರೆ ಐಎಸ್‌ಎ ಎಂಬ ಹೆಸರಿನ ಪಟ್ಟಿಯಲ್ಲಿರುವ ಪಿತೃ ಪ್ಯಾಕೇಜುಗಳನ್ನು ಒಂದೊಂದಾಗಿ ಶೋಧಿಸಿ, ಸಿಕ್ಕಿದ ಸಬ್‌ರೂಟೀನಿಗೆ ಆಬ್ಜೆಕ್ಟನ್ನೇ ಮೊದಲನೆಯ ಆರ್ಗ್ಯುಮೆಂಟಾಗಿ ಒಪ್ಪಿಸುವುದು. ಆನುವಂಶಿಕತೆಯೆಂಬ ಗಂಭೀರವಾದ ಹೆಸರಿನ ಹಿಂದೆ ಇರುವುದು ಕೇವಲ ಹೆಸರುಗಳ ಒಂದು ಪಟ್ಟಿ. ಕ್ಲಾಸ್ ಎಂದು ಬರೆದೊಡನೆ ಎಲ್ಲವೂ ಸಿದ್ಧವಾಗಿ ಒದಗುವ ಭಾಷೆಗಳಲ್ಲಿ ಈ ಅಂಗಗಳು ಬೇರೆಬೇರೆಯಾಗಿ ಕಣ್ಣಿಗೆ ಬೀಳುವುದೇ ಇಲ್ಲ.

ಪಠ್ಯಪುಸ್ತಕಗಳ ವಾಡಿಕೆಯಂತೆ ಪ್ರಾಣಿ, ನಾಯಿ, ಬೆಕ್ಕು ಎಂಬ ನಿದರ್ಶನಗಳನ್ನು ಕೊಡದೆ, ಪಠ್ಯಸಂಸ್ಕರಣೆಗೆಂದೇ ಹುಟ್ಟಿದ ಈ ಭಾಷೆಗೆ ಒಪ್ಪುವಂತೆ, ಕನ್ನಡ ನಾಮಪದಗಳ ದ್ವಿತೀಯಾ ವಿಭಕ್ತಿಯ ರೂಪವನ್ನು ಸಾಧಿಸುವ ಕಾರ್ಯವನ್ನು ಇಲ್ಲಿ ತೆಗೆದುಕೊಳ್ಳೋಣ. ಯುಟಿಎಫ್-8 ಸೌಲಭ್ಯವನ್ನು ಆರಂಭದಲ್ಲಿ ಘೋಷಿಸಿಕೊಂಡರೆ ಪ್ಯಾಕೇಜುಗಳಿಗೂ ಮೆಥಡ್ಡುಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಈಚಿನ ಆವೃತ್ತಿಗಳಲ್ಲಿ ಅವಕಾಶವುಂಟು. ಕನ್ನಡದಲ್ಲಿ ಓದಿ ಬೆಳೆದ ವಿದ್ಯಾರ್ಥಿಗೆ ಇದು ಅಲ್ಪವಾದ ಅನುಕೂಲವಲ್ಲ. ನಾಮಪದ ಎಂಬುದೊಂದು ಪಿತೃ ಕ್ಲಾಸು. ಮನೆ ಎಂಬುದು ಯಕಾರಾಗಮದಿಂದ ಮನೆಯನ್ನು ಎಂದೂ, ಮರ ಎಂಬುದು ವಕಾರದಿಂದ ಮರವನ್ನು ಎಂದೂ, ರಾಮ ಎಂಬುದು ನಕಾರದಿಂದ ರಾಮನನ್ನು ಎಂದೂ ಆಗುವುವಾದುದರಿಂದ ಇವಕ್ಕೆ ಒಂದೊಂದು ಉಪಕ್ಲಾಸು. ಪದಗಳ ಪಟ್ಟಿಯನ್ನು ಹಿಡಿದು ಪ್ರತಿಯೊಂದಕ್ಕೂ ದ್ವಿತೀಯಾ ಎಂಬ ಒಂದೇ ಸಂದೇಶವನ್ನು ಕಳುಹಿಸಿದರೆ, ಕಳುಹಿಸಿದವನು ಪದದ ಜಾತಿಯನ್ನು ವಿಚಾರಿಸದಿದ್ದರೂ ಪ್ರತಿಯೊಂದು ಪದವೂ ತನಗೆ ಉಚಿತವಾದ ರೂಪವನ್ನು ತಾನೇ ಕೊಡುವುದು. ಬಹುರೂಪತೆಯೆಂಬ ತತ್ತ್ವಕ್ಕೆ ಇದಕ್ಕಿಂತ ಸಹಜವಾದ ನಿದರ್ಶನವು ಕನ್ನಡ ಬಲ್ಲವನಿಗೆ ದೊರೆಯಲಾರದು.

ಇಲ್ಲಿ ಅಭ್ಯಾಸಿಯು ಎದುರಿಸುವ ಮೊದಲನೆಯ ತೊಡಕು ಬ್ಲೆಸ್ ಆದೇಶದಿಂದಲೇ ಹುಟ್ಟುವುದು. ಆ ಆದೇಶಕ್ಕೆ ಪ್ಯಾಕೇಜಿನ ಹೆಸರನ್ನು ಕೊಡದೆ ರೆಫರೆನ್ಸನ್ನು ಮಾತ್ರ ಕೊಟ್ಟರೆ, ಆದೇಶವು ಯಾವ ಪ್ಯಾಕೇಜಿನಲ್ಲಿ ಬರೆಯಲ್ಪಟ್ಟಿದೆಯೋ ಅದರ ಮುದ್ರೆಯೇ ಬೀಳುವುದು. ಆಬ್ಜೆಕ್ಟನ್ನು ನಿರ್ಮಿಸುವ ಮೆಥಡ್ಡು ನಾಮಪದದಲ್ಲಿದ್ದು, ಉಪಕ್ಲಾಸುಗಳು ಅದನ್ನು ಆನುವಂಶಿಕವಾಗಿ ಪಡೆದಿದ್ದ ಪಕ್ಷದಲ್ಲಿ, ಮರ ಎಂಬ ಪದವೂ ನಾಮಪದವೆಂಬ ಸಾಮಾನ್ಯ ಮುದ್ರೆಯನ್ನೇ ಧರಿಸಿ, ಸಂಧಿಯನ್ನರಿಯದ ಪಿತೃ ಮೆಥಡ್ಡಿನ ಮೂಲಕ ಮರಅನ್ನು ಎಂದು ಹೊರಬೀಳುವುದು. ಭಾಷೆಯು ಯಾವ ದೋಷವನ್ನೂ ಸೂಚಿಸದು. ಕರೆ ಬಂದ ಕ್ಲಾಸಿನ ಹೆಸರನ್ನು ಮೊದಲನೆಯ ಆರ್ಗ್ಯುಮೆಂಟಿನಿಂದ ಪಡೆದು ಬ್ಲೆಸ್ ಆದೇಶಕ್ಕೆ ಎರಡನೆಯದಾಗಿ ಒಪ್ಪಿಸುವುದೇ ಪರಿಹಾರ. ಅಷ್ಟು ಮಾಡುವಷ್ಟರಲ್ಲಿ, ಮೆಥಡ್ಡು ಎಲ್ಲಿ ಬರೆಯಲ್ಪಟ್ಟಿದೆ ಎಂಬುದಕ್ಕೂ ಯಾರ ಪರವಾಗಿ ನಡೆಯುತ್ತಿದೆ ಎಂಬುದಕ್ಕೂ ಇರುವ ಭೇದವು ಅಭ್ಯಾಸಿಯ ಮನಸ್ಸಿನಲ್ಲಿ ಸ್ಥಿರವಾಗಿ ನಿಲ್ಲುವುದು.

ಇನ್ನು ಉಕಾರಾಂತ ಪದಗಳ ಕಡೆಗೆ ತಿರುಗಿದರೆ, ಈ ವಿಷಯದ ಹೃದಯವನ್ನೇ ಮುಟ್ಟಿದಂತಾಗುವುದು. ಊರು ಎಂಬುದು ಲೋಪಸಂಧಿಯಿಂದ ಊರನ್ನು ಎಂದಾಗುವುದು. ಯೂನಿಕೋಡ್ ಕ್ರಮದಲ್ಲಿ ಕೊನೆಯ ಕೊಂಬನ್ನು ತೆಗೆದರೆ ಉಳಿಯುವ ಅಕ್ಷರದಲ್ಲಿ ಅಕಾರವು ತಾನಾಗಿಯೇ ಅಡಗಿರುವುದರಿಂದ ನ್ನು ಎಂಬಷ್ಟನ್ನೇ ಕೂಡಿಸಿದರೆ ಸಾಕು. ಹಸು ಎಂಬುದಾದರೋ ಅದೇ ಉಕಾರದಲ್ಲಿ ಮುಗಿದು, ಅದೇ ನಪುಂಸಕಲಿಂಗಕ್ಕೆ ಸೇರಿದುದಾದರೂ, ಹಸುವನ್ನು ಎಂದಾಗುವುದು. ಮೊದಲನೆಯ ಅಕ್ಷರದ ಲಘುತ್ವವೇ ಇದಕ್ಕೆ ಕಾರಣವೆಂದು ಊಹಿಸಿ ಉಕಾರಾಂತವನ್ನು ಎರಡು ಉಪಕ್ಲಾಸುಗಳಾಗಿ ಒಡೆದನೆನ್ನೋಣ. ಕೂಡಲೇ ವಸ್ತು, ಬಂಧು ಎಂಬ ತತ್ಸಮಗಳು, ಮೊದಲ ಅಕ್ಷರವು ಗುರುವಾಗಿದ್ದರೂ, ವಸ್ತುವನ್ನು, ಬಂಧುವನ್ನು ಎಂದು ಉಕಾರವನ್ನು ಉಳಿಸಿಕೊಂಡು ಎದುರು ನಿಲ್ಲುವುವು. ಅಂತ್ಯಸ್ವರ, ಲಿಂಗ, ಮಾತ್ರೆ, ಮೂಲಭಾಷೆ ಎಂಬ ನಾಲ್ಕು ಭೇದಗಳು ಒಂದನ್ನೊಂದು ಅಡ್ಡಹಾಯುತ್ತಿರುವಾಗ, ಅವುಗಳನ್ನು ಪಿತೃಪುತ್ರ ಸಂಬಂಧದ ಒಂದೇ ವೃಕ್ಷದಲ್ಲಿ ಅಳವಡಿಸಲು ಯತ್ನಿಸಿದವನು, ಪ್ರತಿ ಸಂಯೋಗಕ್ಕೂ ಒಂದೊಂದು ಕ್ಲಾಸನ್ನು ಸೃಷ್ಟಿಸುತ್ತ ಹೋಗಿ ಕೊನೆಗೆ ತನ್ನ ವೃಕ್ಷದಲ್ಲಿ ತಾನೇ ದಾರಿತಪ್ಪುವನು. ದೋಷವಿರುವುದು ವ್ಯಾಕರಣದಲ್ಲಲ್ಲ, ಆನುವಂಶಿಕತೆಯನ್ನು ಅದು ಸಲ್ಲದ ಕಡೆ ಹೂಡಿದುದರಲ್ಲಿ.

ಸಂಧಿಕಾರ್ಯವನ್ನು ನಾಮಪದದಿಂದ ಬಿಡಿಸಿ, ಲೋಪ, ಯಕಾರಾಗಮ, ವಕಾರಾಗಮ ಮುಂತಾದವುಗಳನ್ನು ಪ್ರತ್ಯೇಕ ಸಬ್‌ರೂಟೀನುಗಳಾಗಿ ಬರೆದು, ಪ್ರತಿಯೊಂದು ಪದದ ಹ್ಯಾಶಿನಲ್ಲಿ ಆ ಪದಕ್ಕೆ ತಕ್ಕ ಸಂಧಿಯ ರೆಫರೆನ್ಸನ್ನು ಇಟ್ಟರೆ, ಉಪಕ್ಲಾಸುಗಳ ಸಮೂಹವೆಲ್ಲ ಅನಾವಶ್ಯಕವಾಗಿ ನಾಮಪದವೆಂಬ ಒಂದೇ ಕ್ಲಾಸು ಉಳಿಯುವುದು. ಇದೇ ಸಂಯೋಜನೆಯ ಮಾರ್ಗ. ಪರ್ಲ್ ಭಾಷೆಯಲ್ಲಿ ಸಬ್‌ರೂಟೀನಿನ ರೆಫರೆನ್ಸು ಸಂಖ್ಯೆಯಂತೆಯೇ, ವಾಕ್ಯಖಂಡದಂತೆಯೇ ಸಾಮಾನ್ಯವಾದ ದತ್ತಾಂಶವಾದುದರಿಂದ ಈ ಪರಿವರ್ತನೆಗೆ ಕೆಲವೇ ಪಂಕ್ತಿಗಳು ಸಾಲುವುವು. ಮಾಡಿದ್ದನ್ನು ಕೆಡವಿ ಬೇರೆಯಾಗಿ ಕಟ್ಟಲು ಅಭ್ಯಾಸಿಯು ಹಿಂಜರಿಯಬೇಕಾದ ಪ್ರಮೇಯವಿಲ್ಲ. ಟಿಸಿಎಲ್ ಭಾಷೆಯ ಕರ್ತೃವಾದ ಜಾನ್ ಔಸ್ಟರ್‌ಹೌಟ್ ಅವರು 1998ರಲ್ಲಿ ಐಇಇಇ ಕಂಪ್ಯೂಟರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಒಂದು ಕ್ಲಾಸಿನ ಕಾರ್ಯರಚನೆಯನ್ನು ಮತ್ತೊಂದು ಆನುವಂಶಿಕವಾಗಿ ಪಡೆಯುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಅರಿಯಲಾಗದಂಥ ಬಂಧನವುಂಟಾಗುವುದೆಂದು ಆಕ್ಷೇಪಿಸಿದ್ದಾರೆ. ಆಕ್ಷೇಪವು ನ್ಯಾಯವಾದುದೇ. ಆದರೆ ಆ ಬಂಧನವನ್ನು ಸ್ವತಃ ಕಟ್ಟಿ ಬಿಚ್ಚಿ ನೋಡಲು ಸ್ಕ್ರಿಪ್ಟಿಂಗ್ ಭಾಷೆಯೇ ಅತ್ಯಂತ ಅನುಕೂಲವಾದ ಸ್ಥಳವೆಂಬುದನ್ನೂ ಅದರೊಡನೆ ಹೇಳಬೇಕಾಗುವುದು.

ಗೋಪ್ಯತೆಯ ವಿಷಯದಲ್ಲಿ ಪರ್ಲ್ ಭಾಷೆಯ ದೌರ್ಬಲ್ಯವನ್ನು ಮರೆಮಾಚಲಾಗದು. ಹ್ಯಾಶಿನ ರೂಪದಲ್ಲಿರುವ ಆಬ್ಜೆಕ್ಟಿನ ಒಳಭಾಗವನ್ನು ಹೊರಗಿನ ಯಾವ ಪಂಕ್ತಿಯಾದರೂ ತಿದ್ದಬಹುದು; ಕೀಲಿಪದದ ಒಂದಕ್ಷರ ತಪ್ಪಾಗಿ ಬಿದ್ದರೆ, ಚರಗಳ ಹೆಸರನ್ನು ಪರೀಕ್ಷಿಸುವ ಸ್ಟ್ರಿಕ್ಟ್ ಎಂಬ ನಿಯಮವೂ ಅದನ್ನು ಹಿಡಿಯದೆ, ಬೆಲೆಯ ಸ್ಥಾನದಲ್ಲಿ ಶೂನ್ಯವು ಮೌನವಾಗಿ ಬಂದು ಸೇರುವುದು. ದೊಡ್ಡ ಕಾರ್ಯಗಳಲ್ಲಿ ಇದರಿಂದ ನಿಜವಾದ ಹಾನಿಯುಂಟು. ನಿವಾರಣೋಪಾಯವು ಕ್ಲೋಶರ್ ಎಂಬ ಸಾಧನದಲ್ಲಿದೆ: ದತ್ತಾಂಶವನ್ನು ನಿರ್ಮಾಣದ ಸಬ್‌ರೂಟೀನಿನ ಸ್ಥಳೀಯ ಚರದಲ್ಲಿಟ್ಟು, ಅದನ್ನು ಕಾಣಬಲ್ಲ ಅನಾಮಕ ಸಬ್‌ರೂಟೀನನ್ನು ಮಾತ್ರ ಆಬ್ಜೆಕ್ಟಾಗಿ ಹೊರಕ್ಕೆ ಕೊಟ್ಟರೆ, ಆ ಸಬ್‌ರೂಟೀನಿನ ಮುಖಾಂತರವಲ್ಲದೆ ಒಳಗಿನದನ್ನು ಮುಟ್ಟಲು ಸಾಮಾನ್ಯ ಮಾರ್ಗವು ಉಳಿಯದು. ಕ್ಲಾಸಿನ ನೆರವಿಲ್ಲದೆಯೂ ಗೋಪ್ಯತೆ ಸಾಧ್ಯವೆಂದು ಇದರಿಂದ ಸಿದ್ಧವಾಗುವುದು.

2006ರಿಂದ ಪ್ರಚಾರಕ್ಕೆ ಬಂದ ಮೂಸ್ ಎಂಬ ಗ್ರಂಥಾಲಯವು ಗುಣಗಳನ್ನು ಘೋಷಿಸುವ, ಅವುಗಳ ಬೆಲೆಯನ್ನು ಪರೀಕ್ಷಿಸುವ ಸೌಕರ್ಯಗಳನ್ನು ಒದಗಿಸಿ ಈ ಶ್ರಮದ ಬಹುಭಾಗವನ್ನು ತಪ್ಪಿಸಿತು. ಉದ್ಯೋಗದಲ್ಲಿ ಬಳಸುವವನು ಅದನ್ನೇ ಬಳಸಲಿ. ಕಲಿಯುವವನಾದರೋ ಕೈಯಿಂದ ಕಟ್ಟಿದ ಮೇಲೆಯೇ ಅದಕ್ಕೆ ಕೈಹಾಕುವುದು ಲೇಸು. 2023ರಲ್ಲಿ ಹೊರಬಂದ 5.38ನೆಯ ಆವೃತ್ತಿಯು, ಪ್ರಾಯೋಗಿಕವೆಂಬ ಎಚ್ಚರಿಕೆಯೊಡನೆ, ಕ್ಲಾಸ್ ಎಂಬ ಪದವನ್ನು ಭಾಷೆಯೊಳಕ್ಕೇ ತಂದಿದೆ. ಅದರಲ್ಲಿ ಆಬ್ಜೆಕ್ಟು ಹ್ಯಾಶ್ ಅಲ್ಲ. ಫೀಲ್ಡ್ ಎಂದು ಘೋಷಿಸಿದ ಚರಗಳು ಆ ಕ್ಲಾಸಿನೊಳಗಲ್ಲದೆ ಹೊರಗೆ ಕಾಣವು, ಉಪಕ್ಲಾಸಿಗೂ ಕಾಣವು. ನಾಮಪದದ ಮೂಲರೂಪವು ಬೇಕಾದರೆ ಉಪಕ್ಲಾಸು ಸಹ ಮೆಥಡ್ಡಿನ ಮುಖಾಂತರವೇ ಅದನ್ನು ಕೇಳಿ ಪಡೆಯಬೇಕಾಗುವುದು. ಕ್ಲೋಶರಿನ ಅಭ್ಯಾಸವನ್ನು ಮುಗಿಸಿದ ವಿದ್ಯಾರ್ಥಿಗೆ ಈ ನಿರ್ಬಂಧದ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ಹ್ಯಾಶಿನಲ್ಲಿಯೇ ನಿಂತವನು ಮಾತ್ರ ಪಿತೃವಿನ ಫೀಲ್ಡ್ ತನಗೇಕೆ ಸಿಗದೆಂದು ದೋಷಸೂಚನೆಯ ಮುಂದೆ ಕುಳಿತು ಯೋಚಿಸುವನು.