ಕ್ಲಚ್ಚಿಲ್ಲದ ಕಾರ್ವೆಟ್

1953ರಲ್ಲಿ ಅಮೆರಿಕದ ಷೆವ್ರೊಲೆ ಕಂಪನಿ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ತಂದಾಗ ಅದಕ್ಕೆ ಕ್ಲಚ್ ಪೆಡಲೇ ಇರಲಿಲ್ಲ. ಆ ವರ್ಷದ 300 ಕಾರುಗಳಿಗೂ ಎರಡೇ ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್. ವೇಗದ ಹುಚ್ಚಿನವರಿಗೆ ಅದು ಸಪ್ಪೆ ಎನಿಸಿತು. 1955ರಲ್ಲಿ ಕಂಪನಿಯೇ ಕೆಲವು ಕಾರುಗಳಿಗೆ ಮೂರು ಗೇರಿನ ಮ್ಯಾನ್ಯುಯಲ್ ಹಾಕಿತು. ಮರುವರ್ಷ ಆಟೊಮ್ಯಾಟಿಕ್ ಬೇಕೆಂದವರೇ ಹೆಚ್ಚು ಹಣ ಕೊಡಬೇಕಾಯಿತು.

ಹಳೆಯ ಕಾರಿನವರು ಗ್ಯಾರೇಜಿನಲ್ಲಿ ಮಾಡುವುದೂ ಇದನ್ನೇ. ಗೇರ್‌ಬಾಕ್ಸ್ ಬದಲಿಸಿದರಷ್ಟೇ ಸಾಲದು. ಎಂಜಿನ್ನಿನ ಹಿಂದಿನ ತೆಳು ತಟ್ಟೆ ತೆಗೆದು ಭಾರದ ಫ್ಲೈವೀಲ್ ಕೂರಿಸಬೇಕು, ಕ್ಲಚ್ಚು, ಪೆಡಲು ಜೋಡಿಸಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನೂ ಸರಿಪಡಿಸಬೇಕಾದೀತು. ಓಡಿಸುವ ಸುಖವೇನೋ ಬರುತ್ತದೆ. ಆದರೆ ಆ ಮುನ್ನೂರರಲ್ಲಿ ಒಂದಕ್ಕೆ ಹೀಗೆ ಮಾಡುವುದನ್ನು ನಾನು ಒಪ್ಪಲಾರೆ. ಮೊದಲ ಕಾರ್ವೆಟ್ ಎಷ್ಟು ಅರೆಮನಸ್ಸಿನದಾಗಿತ್ತು ಎಂಬುದಕ್ಕೆ ಆ ಸಪ್ಪೆ ಗೇರ್‌ಬಾಕ್ಸೇ ಸಾಕ್ಷಿ. ಬದಲಿಸಲೇಬೇಕೆನ್ನುವವರು ಹಳೆಯದನ್ನು ಗುಜರಿಗೆ ಹಾಕದೆ ಗ್ಯಾರೇಜಿನ ಮೂಲೆಯಲ್ಲಾದರೂ ಇಟ್ಟುಕೊಂಡಿರಲಿ.